ನಾಲ್ಕನೇ ಜ್ವರ

ಇನ್ನಾಸಪ್ಪನವರ ಮನೆಯ ಮುಂಬಾಗಿಲಿಗೆ ಸಾವಿನ ಸುದ್ದಿ ಬರುತ್ತಿತ್ತು, ಹಿತ್ತಿಲ ಬಾಗಿಲಿನ ಆಚೆ ರೇಷ್ಮೆ ಹುಳು ಬೆಳೆಯುತ್ತಿತ್ತು. ಇವೆರಡಕ್ಕೂ ಆಗಿಬರುವುದಿಲ್ಲವೆಂದು ಅವರ ಹೆಂಡತಿ ಆರೋಗ್ಯಮ್ಮ ಮದುವೆಯಾಗಿ ಬಂದಾಗಿನಿಂದಲೂ ಹೇಳುತ್ತಿದ್ದರು.

ಕೋಡಿಹಳ್ಳಿಯಿಂದ ಇನ್ನೂ ಒಳಗಿದ್ದ ಆ ಊರಿನಲ್ಲಿ ಕ್ರೈಸ್ತರದು ಒಂದೇ ಬೀದಿ. ಬೀದಿಯ ಕೊನೆಗೆ ಚಿಕ್ಕ ದೇವಾಲಯ. ಗುರುಗಳು ಭಾನುವಾರ ಬೈಕಿನಲ್ಲಿ ಬಂದು ಪೂಜೆ ಮುಗಿಸಿ ಮುಂದಿನ ಊರಿಗೆ ಹೋಗುವರು. ಉಳಿದ ದಿನಗಳಲ್ಲಿ ಜನಕ್ಕೆ ಉಪದೇಶಿ ಇನ್ನಾಸಪ್ಪನವರೇ ದಿಕ್ಕು. ಮಕ್ಕಳಿಗೆ ಜಪ ಕಲಿಸುವುದು, ಮನೆಮನೆಯಲ್ಲಿ ಜಪಸರ ನಡೆಸುವುದು, ಎಲ್ಲಕ್ಕಿಂತ ಹೆಚ್ಚಾಗಿ, ಸಾಯುತ್ತಿರುವವರ ಪಕ್ಕ ಕೂತು ಕೊನೆಯ ಪ್ರಾರ್ಥನೆ ಹೇಳಿ, ಹಾಡಿ, ಶಿಲುಬೆಯನ್ನು ತುಟಿಗೆ ಮುಟ್ಟಿಸುವುದು ಅವರ ಕೆಲಸ. ಸಂಬಳವಿಲ್ಲದ ಕೆಲಸ. ಅವರ ಅಪ್ಪನೂ ಅದನ್ನೇ ಮಾಡಿದ್ದರು. ಉಪದೇಶಿ ಪಕ್ಕದಲ್ಲಿಲ್ಲದೆ ಸತ್ತವನನ್ನು ಆ ಬೀದಿಯವರು ಒಂಟಿಯಾಗಿ ಹೋದವನು ಎನ್ನುತ್ತಿದ್ದರು. ಹಾಗೆ ಹೋಗುವುದಕ್ಕೆ ಎಲ್ಲರಿಗೂ ಭಯ.

ಹುಳುವಿನ ಮನೆಗೂ ಒಂದು ಕಟ್ಟಳೆ ಇತ್ತು. ಸಾವಿನ ಮನೆ ಮೆಟ್ಟಿದ ಕಾಲು ಅದರ ಹೊಸಿಲು ದಾಟಬಾರದು. ಗೌಡರ ಬೀದಿಯಲ್ಲಿದ್ದ ಕಟ್ಟಳೆ ಕ್ರೈಸ್ತರ ಬೀದಿಯಲ್ಲೂ ಇತ್ತು. ಇನ್ನಾಸಪ್ಪನವರು ಮಾತ್ರ ಒಪ್ಪುತ್ತಿರಲಿಲ್ಲ.

“ಹುಳಕ್ಕೆ ಸೂತಕ ಎಲ್ಲಿಂದ ಬತ್ತದೆ? ನಾವು ಕ್ರೈಸ್ತರು. ದೇವರು ನಮ್ಮನ್ನ ಒಂದು ಬಾಳಿಗೆ ಅಂತ ಆರಿಸ್ಕಂಡವ್ರೆ. ಅದಕ್ಕೆ ತಕ್ಕಂಗೆ ಇರ್ಬೇಕು.”

“ನಿಮ್ಮನ್ನ ಆರಿಸ್ಕಂಡವ್ರೆ, ಸರಿ. ಹುಳಾ ಏನು ಜ್ಞಾನಸ್ನಾನ ತಗಂಡೈತಾ?” ಆರೋಗ್ಯಮ್ಮ ಮುದ್ದೆ ಕಟ್ಟುತ್ತಲೇ ಕೇಳುವರು.

ಸೊಸೆ ಜಸಿಂತಾಗೆ ನಗು ಬರುತ್ತಿತ್ತು. ಮಾವನೂ ನಗುವರು. ನಕ್ಕು, ಕೈಕಾಲು ತೊಳೆದು, ಹುಳುವಿನ ಮನೆಗೆ ಹೋಗಿಬಿಡುವರು.

ಆ ನಗು ನಿಂತದ್ದು ಕ್ರಿಸ್ಮಸ್ಸಿಗೆ ಮುಂಚೆ. ಮಾವ ಒಂದು ಸಾವಿನ ಮಣ್ಣು ಮುಗಿಸಿಕೊಂಡು ಬಂದ ವಾರವೇ ಹುಳುವಿಗೆ ಹಾಲು ರೋಗ ಬಂತು. ಮೈ ಊದಿ, ಮುಟ್ಟಿದರೆ ಒಡೆದು, ಬಿಳಿ ನೀರು ಸುರಿಯಿತು. ಅದರ ಮುಂದಿನ ಬೆಳೆಯೂ ಹಾಗೇ ಹೋಯಿತು. ಬುಟ್ಟಿಗಟ್ಟಲೆ ಹುಳುವನ್ನು ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದರು. ಎರಡನೇ ಸಲ ಊರಿನಲ್ಲಿ ಯಾರೂ ಸತ್ತಿರಲಿಲ್ಲ. ಆದರೂ ಆರೋಗ್ಯಮ್ಮ ಗಂಡನ ಕಾಲನ್ನೇ ನೋಡಿದರು. ಮನೆಯಲ್ಲಿ ಸಾರಿಗೆ ಬೇಳೆ ಕಡಿಮೆಯಾಯಿತು. ಜಸಿಂತಾಳ ಗಂಡ ದೇವರಾಜ್ ಬಾಡಿಗೆ ಟೆಂಪೋ ಓಡಿಸಿ ತಂದದ್ದರಲ್ಲೇ ಐದು ಜನರ ಊಟ ನಡೆಯಬೇಕಾಯಿತು.

ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾದ ಮೇಲೆ ಮೂರನೇ ಬೆಳೆ ಇಟ್ಟರು. ಈ ಸಲ ಹುಳು ಚೆನ್ನಾಗಿ ಬಂತು. ರೇಷ್ಮೆ ಹುಳು ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಮಲಗಿ, ಪೊರೆ ಕಳಚುತ್ತದೆ. ಹಾಗೆ ಮಲಗುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದದ್ದು ಒಂದು ವಾರ ಬಿಡದೆ ತಿನ್ನುತ್ತದೆ. ಬೆಳೆ ಕೈಗೆ ಬರುವುದೂ ಬಾರದಿರುವುದೂ ಆ ವಾರದಲ್ಲೇ.

“ಈ ವಾರ ಯಾರು ಸತ್ರೂ ನೀವೇ ಸತ್ತಿದ್ದೀರಿ ಅಂತ ತಿಳ್ಕಳಿ,” ಎಂದರು ಆರೋಗ್ಯಮ್ಮ, ಗಂಡನ ತಟ್ಟೆಗೆ ಉಪ್ಸಾರು ಬಿಡುತ್ತಾ.

“ಸಾವು ನಿನ್ನ ಕೇಳ್ಕಂಡು ಬತ್ತದಾ?”

“ನನ್ನ ಕೇಳ್ದಿದ್ರೂ ಬಾಗ್ಲು ತಟ್ಟಿ ಬತ್ತದೆ. ಬಾಗ್ಲಲ್ಲಿ ನಾನಿರ್ತೀನಿ.”

ಮಾವ ಮಾತಾಡದೆ ಮುದ್ದೆ ಮುರಿದರು. ಜಸಿಂತಾ ಅದನ್ನು ಗಮನಿಸಿದಳು. ಕನಕಪುರದಲ್ಲಿ ಬಿ.ಎ. ಓದಿ, ಭಾನುವಾರ ಮಕ್ಕಳಿಗೆ ಧರ್ಮದ ಪಾಠ ಹೇಳುತ್ತಿದ್ದ ಅವಳಿಗೆ, ಮನೆಯಲ್ಲಿ ಯಾರು ಯಾವಾಗ ಸುಮ್ಮನಾದರು ಎಂದು ನೋಡುತ್ತಿರುವುದು ಒಂದು ಚಾಳಿಯಾಗಿಬಿಟ್ಟಿತ್ತು.

ಮೂರು ನಾಲ್ಕು ದಿನ ಕಳೆದಿರಬೇಕು. ಮಧ್ಯಾಹ್ನ ಜಸಿಂತಾ ಅಂಗಳದಲ್ಲಿ ಕೂತು ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಾಗ, ಗೇಟಿನ ಹೊರಗೆ ಬಿಬಿಯಾನಾ ಬಂದು ನಿಂತಳು. ಗಂಡ ತೀರಿದ ಮೇಲೆ ಅಪ್ಪ ಚೌರಪ್ಪನ ಮನೆಗೆ ಮರಳಿ, ಎರಡು ಹಸು ಕಟ್ಟಿಕೊಂಡು ಬದುಕುತ್ತಿದ್ದ ಹೆಂಗಸು. ಹುಳುವಿರುವ ಮನೆಯೆಂದು ಅವಳು ಒಳಗೆ ಕಾಲಿಡಲಿಲ್ಲ.

“ಅಕ್ಕ, ಉಪದೇಶಿಗಳು ಅವ್ರಾ? ಅಪ್ಪಂಗೆ ಉಸ್ರು ಮೇಲುಮೇಲಕ್ಕೆ ಬತ್ತಾ ಐತೆ. ಇನ್ನಾಸನ್ನ ಕರಿ, ಇನ್ನಾಸನ್ನ ಕರಿ ಅಂತಾವ್ನೆ.”

“ಫಾದರ್‌ಗೆ ಫೋನ್ ಮಾಡಿದ್ಯಾ?”

“ಮಾಡ್ದೆ. ಬೆಂಗಳೂರಲ್ಲಿ ಅವ್ರಂತೆ, ನಾಳೆ ಬತ್ತಾರಂತೆ. ನಾಳೆಗಂಟ ಇರಾಕಿಲ್ಲ ಅಕ್ಕ ಅಪ್ಪ.”

ಚೌರಪ್ಪ ಮಾವನ ಓರಗೆಯವನು. ಇಬ್ಬರೂ ಒಟ್ಟಿಗೆ ದನ ಕಾದವರು. ಕುಡಿದಾಗ ದೇವಾಲಯದ ಬಾಗಿಲಲ್ಲೇ ನಿಂತು, “ಲೇ ಇನ್ನಾಸ, ನೀನು ಹಾಡೋದು ಕೇಳ್ಕಂಡು ಸಾಯೋದ್ಕಿಂತ ಸುಮ್ಗೆ ಸಾಯ್ತೀನಿ ಕಣ್ಲಾ,” ಎಂದು ಕೂಗಿ ಎಲ್ಲರನ್ನೂ ನಗಿಸುತ್ತಿದ್ದ. ಈಗ ಅವನೇ ಕರೆಯುತ್ತಿದ್ದ.

ಹಿತ್ತಿಲಿನಿಂದ ಮಾವ ಗುನುಗುವುದು ಸಣ್ಣಗೆ ಕೇಳುತ್ತಿತ್ತು. ಸೊಪ್ಪು ಹಾಕುವಾಗ ತಪಸ್ಸು ಕಾಲದ ಹಾಡು ಗುನುಗುವುದು ಅವರ ರೂಢಿ. ಜಸಿಂತಾ ಎದ್ದು ಒಳಗೆ ಹೋಗಲು ತಿರುಗಿದಳು. ಬಾಗಿಲಲ್ಲಿ ಅತ್ತೆ ನಿಂತಿದ್ದರು.

“ಊರಲ್ಲಿಲ್ಲ ಅನ್ನು,” ಎಂದರು ತಗ್ಗಿದ ದನಿಯಲ್ಲಿ. “ನಾಕನೇ ಜ್ವರ ಎದ್ದವೆ. ನಿನ್ನ ಮಗಳ ಬಾಯಿಗೆ ಮಣ್ಣು ಹಾಕ್ಬೇಡ.”

ಜಸಿಂತಾ ಗೇಟಿನ ಕಡೆ ತಿರುಗಿದಳು. “ಮಾವ ಊರಲ್ಲಿಲ್ಲ ಬಿಬಿಯಾನಾ. ಚಂದ್ರಿಕೆ ತರಾಕೆ ರಾಮನಗರಕ್ಕೆ ಹೋಗವ್ರೆ.”

ಚಂದ್ರಿಕೆಯ ಮಾತು ಅತ್ತೆ ಹೇಳಿಕೊಟ್ಟದ್ದಲ್ಲ. ಹುಳು ಗೂಡು ಕಟ್ಟಲು ಬೇಕಾಗುವ ಆ ಬಿದಿರಿನ ತಟ್ಟಿಗಳನ್ನು ತರುವ ಕಾಲ ಅದೇ ಆದ್ದರಿಂದ, ಸುಳ್ಳು ನಂಬುವಂತಿರಲೆಂದು ಅವಳೇ ಸೇರಿಸಿದ್ದು.

ಹಿತ್ತಿಲಿನ ಗುನುಗು ನಿಂತಿತು. ಬಿಬಿಯಾನಾ ಒಂದು ಗಳಿಗೆ ನಿಂತೇ ಇದ್ದಳು. “ಬಂದ್ ಕೂಡ್ಲೆ ಕಳಿಸಕ್ಕ,” ಎಂದು ಹೋದಳು.

ಮರುದಿನ ಬೆಳಿಗ್ಗೆ ದೇವಾಲಯದ ಸಾವಿನ ಗಂಟೆಗೆ ಒಂದೊಂದೇ ಏಟು ಬಿತ್ತು. ಸೊಪ್ಪು ಹೊತ್ತು ಬಂದ ಮಾವ ಹೊರೆ ಇಳಿಸಿ, ಯಾರೆಂದು ಕೇಳದೆಯೇ ಸ್ನಾನ ಮಾಡಿ, ಬಿಳಿ ಜುಬ್ಬ ತೊಟ್ಟು ಹೋದರು. ಸಂಜೆ ಮಣ್ಣು ಮುಗಿಸಿ ಬಂದಾಗ ಆರೋಗ್ಯಮ್ಮ ಜಗುಲಿಯ ಮೇಲೆ ಚಾಪೆ ಹಾಸಿಟ್ಟಿದ್ದರು.

“ಹುಳಾ ಹಣ್ಣಾಗಿ ಗೂಡು ಕಟ್ಟೋಗಂಟ ಇಲ್ಲೇ. ಸೊಪ್ಪು ನಾನೂ ಇವಳೂ ಹಾಕ್ತೀವಿ.”

ಜಸಿಂತಾ ವಾದಕ್ಕೆ ಕಾದಳು. ಹುಳಕ್ಕೆ ಸೂತಕ ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ. ಚೌರಪ್ಪ ಯಾವಾಗ ಕಷ್ಟಪಡತೊಡಗಿದ, ಯಾರಾದರೂ ಕರೆಯಲು ಬಂದಿದ್ದರೇ ಎಂದೂ ಕೇಳಲಿಲ್ಲ. ಚಾಪೆಯ ಮೇಲೆ ಕೂತು, ಕೊಟ್ಟ ಗಂಜಿ ಕುಡಿದರು.

ಬೆಳೆ ಕೈಗೆ ಬಂತು. ಅಂಥ ಗಟ್ಟಿ ಗೂಡು ಆ ಬೀದಿಯಲ್ಲಿ ಎರಡು ವರ್ಷದಿಂದ ಯಾರಿಗೂ ಬಂದಿರಲಿಲ್ಲ. ದೇವರಾಜ್ ಮೂಟೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ, ನಗುತ್ತಾ ಬಂದ. ಅವ್ವನಿಗೆ ಮಂಡಿನೋವಿನ ಎಣ್ಣೆ, ಮಗಳು ಪುಟ್ಟಿಗೆ ಸ್ಕೂಲಿನ ಶೂ, ಜಸಿಂತಾಗೆ ಹಸಿರು ಸೀರೆ.

“ನಂಗೆ ಬೇಡ,” ಎಂದಳು ಜಸಿಂತಾ.

“ಬಣ್ಣ ಚೆನ್ನಾಗಿಲ್ವಾ?”

ಅವಳು ಎಲ್ಲವನ್ನೂ ಹೇಳಿದಳು. ಅವನು ಶರಟಿನ ಗುಂಡಿ ಬಿಚ್ಚುತ್ತಾ ಕೇಳಿಸಿಕೊಂಡ.

“ಹೇಳ್ಸಿದ್ದು ಅವ್ವ. ನೀನ್ಯಾಕೆ ತಲೆಗೆ ಹಾಕ್ಕತೀಯ?”

“ಬಾಯಿ ನಂದು.”

“ಅಪ್ಪ ಹೋಗಿದ್ರೆ ಚೌರಪ್ಪಣ್ಣ ಎದ್ದು ಕೂತ್ಕತಿದ್ನಾ? ಬೆಳೆ ಹೋಗಿದ್ರೆ ಏನು ಉಣ್ತಿದ್ದೆ, ಪುಣ್ಯಾನಾ?”

“ಒಸಿ ಮೆಲ್ಲಗೆ ಮಾತಾಡಿ. ಮಾವಂಗೆ ಕೇಳ್ಸೀತು.”

ಅವಳ ಭಯವೆಲ್ಲ ಅದೇ ಆಗಿತ್ತು. ಗೆಳೆಯ ಕರೆದ, ಮನೆಯವರು ತಡೆದರು ಎಂದು ಮಾವನಿಗೆ ತಿಳಿದರೆ ಆ ಜೀವ ತಡೆದುಕೊಳ್ಳದು. ಊರಿಗೆ ತಿಳಿದರಂತೂ ಉಪದೇಶಿಯ ಬಾಗಿಲಿಗೆ ನಾಳೆ ಯಾರು ಬಂದಾರು? ಭಾನುವಾರ ಮಕ್ಕಳಿಗೆ ಸುಳ್ಳು ಸಾಕ್ಷಿ ಹೇಳಬಾರದೆಂಬ ಪಾಠ ಬಂದಾಗ ಅವಳು ಅದನ್ನು ಹಾರಿಸಿ ಮುಂದಿನದನ್ನು ಓದಿಸಿದಳು.

ಮಾತು ಹೊರಬಿದ್ದದ್ದು ಡೈರಿಯ ಹತ್ತಿರ. ಹಾಲು ಹಾಕಲು ಹೆಂಗಸರು ಸಾಲಾಗಿ ನಿಂತಿದ್ದರು, ಜಸಿಂತಾಳೂ ಬಿಬಿಯಾನಾಳೂ ಇದ್ದರು. ಚೌರಪ್ಪನ ಮಾತು ಬಂತು. ಪಾಪ, ಒಂಟಿಯಾಗಿ ಹೋದ ಎಂದರು ಒಬ್ಬರು. ಉಪದೇಶಿಗಳು ಅವತ್ತೇ ರಾಮನಗರಕ್ಕೆ ಹೋಗಬೇಕಿತ್ತಾ ಎಂದರು ಇನ್ನೊಬ್ಬರು.

“ತಾತ ಎಲ್ಲೂ ಹೋಗಿರ್ಲಿಲ್ಲ,” ಎಂದಳು ಅಮ್ಮನ ಸೆರಗು ಹಿಡಿದಿದ್ದ ಪುಟ್ಟಿ. “ಹುಳಿನ್ ಮನೇಲೇ ಇದ್ರು. ನಾನೇ ಟೀ ಕೊಟ್ಟೆ.”

ಹಾಲು ಅಳೆಯುತ್ತಿದ್ದವನ ಕೈಯೂ ನಿಂತಿತು. ಬಿಬಿಯಾನಾ ಕ್ಯಾನಿನ ಮುಚ್ಚಳ ಬಿಗಿ ಮಾಡಿ, “ಹೌದಾ ಮಗ,” ಎಂದಳು. ಅಷ್ಟೆ. ಜಸಿಂತಾಳ ಮುಖವನ್ನು ಅವಳು ನೋಡಲಿಲ್ಲ. ಉಳಿದವರೆಲ್ಲ ನೋಡಿದರು.

ಮನೆಗೆ ಬಂದು ಜಸಿಂತಾ ನಡೆದದ್ದನ್ನು ಹೇಳಿದ ಕೂಡಲೇ ಆರೋಗ್ಯಮ್ಮ ಮೊಮ್ಮಗಳ ಕಡೆ ಕೈ ಎತ್ತಿದರು.

“ಅವಳಿಗ್ಯಾಕೆ ಹೊಡೀತೀರಿ ಅತ್ತೆ? ನಿಜ ಹೇಳಿದ್ದಕ್ಕಾ?”

“ನಿಜ ಹೊಟ್ಟೆ ತುಂಬುಸ್ತದಾ? ಎರಡು ಬೆಳೆ ಹೋದಾಗ ಬೀದಿಯೋರು ಬಂದು ಒಂದು ಸೇರು ರಾಗಿ ಅಳದ್ರಾ? ಹೇಳು. ಇವರು ಎಷ್ಟು ಜನುಕ್ಕೆ ಹಾಡವ್ರೆ, ಎಷ್ಟು ಜನ ಇವರ ತಟ್ಟೆ ನೋಡವ್ರೆ?”

ಜಸಿಂತಾ ಪುಟ್ಟಿಯನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು. ಅತ್ತೆ ಹೇಳಿದ್ದೂ ನಿಜವೇ.

ಬೀದಿಯಿಂದ ಕೇಳುವ ಮೊದಲು ತಾನೇ ಹೇಳಿಬಿಡಬೇಕೆಂದು ಅವಳು ಹಿತ್ತಿಲಿಗೆ ಹೋದಳು. ಮಾವ ಬಿಸಿಲಿನಲ್ಲಿ ಚಂದ್ರಿಕೆಗಳನ್ನು ಒರಗಿಸಿ, ಅಂಟಿದ್ದ ನೂಲಿನ ಎಳೆ ಕೀಳುತ್ತಿದ್ದರು.

“ಮಾವ, ನಿಮ್ಮತ್ರ ಒಂದು ಮಾತು ಹೇಳ್ಬೇಕು. ಚೌರಪ್ಪ ಮಾಮ ಹೋಗೋ ಹಿಂದಿನ ದಿನ ಬಿಬಿಯಾನಾ ಬಂದಿದ್ಲು. ನಿಮ್ಮನ್ನ ಕರೆಯಾಕೆ. ನಾನು ನೀವು ಊರಲ್ಲಿಲ್ಲ ಅಂದ್ಬುಟ್ಟೆ.”

ಅವರು ಎಳೆ ಕೀಳುವುದನ್ನು ನಿಲ್ಲಿಸಲಿಲ್ಲ.

“ಕೇಳಿಸ್ತು ಕಣವ್ವ.”

“ಯಾವಾಗ?”

“ಆಗ್ಲೇ. ಅವಳು ಗೇಟ್ ತಾವ ನಿಂತಾಗ್ಲೇ. ಕೈಲಿ ಸೊಪ್ಪಿತ್ತು. ಈ ಸಾಲು ಮುಗಿಸಿ ಹೋಗಾನ ಅಂದ್ಕಂಡೆ. ಅಷ್ಟ್ರಲ್ಲಿ ನೀನು ರಾಮನಗರ ಅಂದೆ.” ಅವರು ಎಳೆಗಳನ್ನು ಉಂಡೆ ಕಟ್ಟಿ ಪಕ್ಕಕ್ಕಿಟ್ಟರು. “ನಂಗೆ ಸಮಾಧಾನ ಆಯ್ತು ಕಣವ್ವ. ಹೋಗೋದು ತಪ್ತಲ್ಲ ಅಂತ.”

ಜಸಿಂತಾ ನಿಂತಲ್ಲೇ ಕೂತಳು. ಇಷ್ಟು ದಿನ ತಾನು ಯಾರಿಂದ ಮುಚ್ಚಿಟ್ಟಿದ್ದಳೋ ಅವರು ತನ್ನ ಸುಳ್ಳಿನ ಹಿಂದೆಯೇ ಅಡಗಿ ಕೂತಿದ್ದರು.

“ನೀವು ಯಾವಾಗ್ಲೂ ಹೇಳ್ತಿದ್ರಲ್ಲ ಮಾವ, ಹುಳಕ್ಕೆ ಸೂತಕ ಇಲ್ಲ ಅಂತ.”

“ಬೆಳೆ ಚೆನ್ನಾಗಿದ್ದಾಗ ಹೇಳ್ತಿದ್ದೆ. ಎರಡು ಸಲ ಗುಂಡಿ ತೋಡಿದ ಮೇಲೆ ಆ ಧೈರ್ಯ ಉಳೀಲಿಲ್ಲ.”

“ಬಿಬಿಯಾನಾಗೆ ಹೇಳ್ಬುಡಿ. ನೀವೇ ಹೋಗಿ ಹೇಳಿದ್ರೆ ಅವಳು ಕೇಳ್ತಾಳೆ. ಬೀದಿಯೋರೂ ಒಪ್ತಾರೆ.”

“ಹೇಳ್ತೀನಿ. ಗುರುವಾರದೊಳಗೆ ಹೇಳ್ತೀನಿ.”

ಗುರುವಾರ ಎಂದರೆ ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಹಿಂದಿನ ಪವಿತ್ರ ಗುರುವಾರ. ಅಂದು ಸಂಜೆ ಗುರುಗಳು ಊರಿನ ಹನ್ನೆರಡು ಗಂಡಸರ ಪಾದ ತೊಳೆಯುವರು. ಆ ಬೀದಿಯಲ್ಲಿ ಅದಕ್ಕೊಂದು ಹಳೆಯ ಪದ್ಧತಿ. ಹನ್ನೆರಡರಲ್ಲಿ ಕೂರುವವನು ಯಾರಿಗಾದರೂ ತಪ್ಪು ಮಾಡಿದ್ದರೆ, ಮೊದಲು ಅವರ ಮನೆಗೆ ಹೋಗಿ, ತಪ್ಪೊಪ್ಪಿ, ಅವರ ಕೈಯಿಂದ ಒಂದು ಲೋಟ ನೀರು ಕುಡಿದು ಬರಬೇಕು. ಮೊದಲ ಕುರ್ಚಿ ಯಾವತ್ತೂ ಇನ್ನಾಸಪ್ಪನವರದು. ಪದ್ಧತಿಯನ್ನು ಮಕ್ಕಳಿಗೆ ಹೇಳಿಕೊಡುತ್ತಿದ್ದವರೂ ಅವರೇ.

ಸೋಮವಾರ ಹೋಗಲಿಲ್ಲ. ಮಂಗಳವಾರ ಜುಬ್ಬ ತೊಟ್ಟು ಗೇಟಿನ ತನಕ ಹೋಗಿ, ಹಸುವಿಗೆ ನೀರಿಟ್ಟಿಲ್ಲವೆಂದು ತಿರುಗಿ ಬಂದರು. ಬುಧವಾರ ಊಟಕ್ಕೆ ಕೂತಾಗ, “ಗುರುವಾರ ಮೈ ಸರಿ ಇಲ್ಲ ಅಂದ್ಬುಡ್ಲಾ?” ಎಂದು ಹೆಂಡತಿಯನ್ನು ಕೇಳಿದರು.

“ಆ ಕುರ್ಚಿ ಖಾಲಿ ಇದ್ರೆ ಪುಟ್ಟಿ ಹೇಳಿದ್ದು ನಿಜ ಅಂತ ಡಂಗುರ ಹೊಡ್ದಂಗೆ. ಸುಮ್ಗೆ ಹೋಗಿ ಕೂತ್ಕಳಿ.”

“ನೀರು ಕುಡ್ದು ಹೋಗಿ ಕೂತ್ಕಬೋದಲ್ಲ ಮಾವ,” ಎಂದಳು ಜಸಿಂತಾ.

“ನೀನು ಸೊಪ್ಪಿನ ಸಾರು ಬಡ್ಸು,” ಎಂದರು ಅತ್ತೆ.

ಗುರುವಾರ ಸಂಜೆ ಎಲ್ಲರೂ ದೇವಾಲಯಕ್ಕೆ ಹೊರಟರು. ದಾರಿಯಲ್ಲಿ ಚೌರಪ್ಪನ ಮನೆ. ಬಿಬಿಯಾನಾ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಬೆಳಗಿದ ಹಿತ್ತಾಳೆಯ ಚೊಂಬಿತ್ತು, ಅದರ ಮೇಲೆ ಒಂದು ಲೋಟ ಬೋರಲಾಗಿತ್ತು. ಕರೆಯಲಿಲ್ಲ, ಹಿಡಿದುಕೊಂಡು ನಿಂತಿದ್ದಳು. ಮಾವನ ಹೆಜ್ಜೆ ತಡೆಯಿತು. ಹಿಂದೆ ಮುಂದೆ ಜನರಿದ್ದರು. ಅವರು ತಲೆ ತಗ್ಗಿಸಿ, ಚಪ್ಪಲಿಯನ್ನು ನೋಡುತ್ತಾ ಮುಂದೆ ಹೋದರು.

ದೇವಾಲಯದಲ್ಲಿ ಗುರುಗಳು ಮೊಣಕಾಲೂರಿ, ಮೊದಲ ಕುರ್ಚಿಯಲ್ಲಿ ಕೂತಿದ್ದ ಮಾವನ ಬಲಗಾಲಿಗೆ ನೀರು ಹುಯ್ದರು, ಒರೆಸಿದರು, ಬಗ್ಗಿ ಮುತ್ತಿಟ್ಟರು. ಹೆಂಗಸರ ಸಾಲಿನಲ್ಲಿದ್ದ ಜಸಿಂತಾ ಆ ಕಾಲನ್ನೇ ನೋಡುತ್ತಿದ್ದಳು. ಹಿಮ್ಮಡಿಯ ಬಿರುಕಿನಲ್ಲಿ ತೋಟದ ಮಣ್ಣು ಹಾಗೇ ಉಳಿದಿತ್ತು. ಹಾಡು ಎತ್ತಬೇಕಾದ ಕಡೆ ಮಾವ ಎತ್ತಲಿಲ್ಲ. ಯಾರೋ ಹಿಂದಿನಿಂದ ತಪ್ಪು ಶ್ರುತಿಯಲ್ಲಿ ಎತ್ತಿದರು.

ಪಾಸ್ಕದ ಭಾನುವಾರ ಮನೆಯಲ್ಲಿ ಕೋಳಿ ಸಾರು. ಜಸಿಂತಾ ಒಂದು ಡಬ್ಬಿಗೆ ಹಾಕಿಕೊಂಡು ಹೊರಟಾಗ ಅತ್ತೆ ತಡೆಯಲಿಲ್ಲ, ಮುಖ ತಿರುಗಿಸಿಕೊಂಡರು. ಬಿಬಿಯಾನಾ ಕೊಟ್ಟಿಗೆ ಗುಡಿಸುತ್ತಿದ್ದಳು.

“ನಾನು ಸುಳ್ಳು ಹೇಳ್ದೆ ಬಿಬಿಯಾನಾ.”

“ಗೊತ್ತಕ್ಕ. ಅವರು ಗುನುಗ್ತಿದ್ದದ್ದು ಗೇಟ್‌ಗಂಟ ಕೇಳ್ತಿತ್ತು. ನೀನು ರಾಮನಗರ ಅಂದಾಗ ನಿಂತೋಯ್ತು.”

“ಅವತ್ತೇ ಗೊತ್ತಿದ್ರೂ ಸುಮ್ನೆ ಹೋದ್ಯಾ?”

“ಜಗಳ ಆಡ್ತಾ ನಿಂತ್ಕಂಡಿದ್ರೆ ಅಪ್ಪನ ತಾವ ಯಾರಿರೋರು?” ಅವಳು ಪೊರಕೆ ಇಟ್ಟು ಕೈ ತೊಳೆದಳು. “ಬತ್ತಾವ್ರೆ ಕಣಪ್ಪ, ದಾರೀಲವ್ರೆ ಅಂದೆ. ಕತ್ತಲಾಗೋಗಂಟ ಬಾಗ್ಲನ್ನೇ ನೋಡ್ತಿದ್ದ. ಆಮೇಲೆ ನಂಗೆ ಬಂದಷ್ಟು ಪ್ರಾರ್ಥನೆ ನಾನೇ ಹೇಳ್ದೆ. ನಡುವೆ ಮರ್ತೋಯ್ತು. ಮರ್ತದ್ದನ್ನ ಬುಟ್ಟು ಮುಂದುಕ್ಕೆ ಹೇಳ್ದೆ.”

ಒಳಗೆ ಹೋಗಿ ಲೋಟದಲ್ಲಿ ನೀರು ತಂದುಕೊಟ್ಟಳು. ಜಸಿಂತಾ ನಿಂತೇ ಕುಡಿದಳು. ಖಾಲಿ ಲೋಟವನ್ನು ತೊಳೆದು ಹಿಂದಿರುಗಿಸಿದಳು.

“ಮಾವಂಗೆ ಹೇಳು,” ಎಂದಳು ಬಿಬಿಯಾನಾ. “ಗುರುವಾರ ಆಗೋಯ್ತು ಅಂತ ಏನಿಲ್ಲ. ನೀರು ಯಾವತ್ತೂ ಇರ್ತದೆ.”

ಜಸಿಂತಾ ಹೇಳಿದಳು. ಮಾವ “ಹೂಂ” ಎಂದರು. ವಾರ ಕಳೆಯಿತು, ತಿಂಗಳು ಕಳೆಯಿತು. ಚೌರಪ್ಪನ ಹೆಸರಿನ ಪೂಜೆಗೆ ಅವರು ಹಿಂದಿನ ಸಾಲಿನಲ್ಲಿ ಕೂತು ಎದ್ದು ಬಂದರು. ಜಪಸರ ನಡೆಸಲು ಮೊದಲಿನಂತೆ ಮನೆಗಳಿಗೆ ಹೋದರು, ಆದರೆ ಕೂರುವವರು ಕಡಿಮೆಯಾದರು. ಯಾರೂ ಜಗಳ ಆಡಲಿಲ್ಲ. ಎದುರಾದಾಗ ‘ಸ್ತೋತ್ರ’ ಎಂದು ನಮಸ್ಕರಿಸುವವರು ನಮಸ್ಕರಿಸುತ್ತಲೇ ಇದ್ದರು.

ಮುಂಗಾರಿಗೆ ಮುಂಚೆ ಮುಂದಿನ ಬೆಳೆ ನಾಲ್ಕನೇ ಜ್ವರ ಎದ್ದಿತು. ಅದೇ ವಾರ ಬೀದಿಯ ಆ ತುದಿಯ ಲೂರ್ದಮ್ಮ ಹಾಸಿಗೆ ಹಿಡಿದಿರುವುದಾಗಿಯೂ, ಇವತ್ತೋ ನಾಳೆಯೋ ಎಂಬಂತಿರುವುದಾಗಿಯೂ ದೇವರಾಜ್ ಸುದ್ದಿ ತಂದ.

ಮಾವ ಸೊಪ್ಪಿನ ಬುಟ್ಟಿ ಕೆಳಗಿಟ್ಟರು. ಬಚ್ಚಲಿಗೆ ಹೋಗಿ ಮಿಂದರು. ಬಿಳಿ ಜುಬ್ಬ ತೊಟ್ಟು, ಅಪ್ಪನ ಕಾಲದ ಪ್ರಾರ್ಥನೆ ಪುಸ್ತಕವನ್ನೂ ಶಿಲುಬೆಯನ್ನೂ ಮಡಿಲಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂತರು.

ಆರೋಗ್ಯಮ್ಮ ಬಾಗಿಲಿಗೆ ಬಂದರು. ಬೈಯುತ್ತಾರೆಂದುಕೊಂಡಳು ಜಸಿಂತಾ.

“ಹೋಗ್ಬನ್ನಿ,” ಎಂದರು ಅತ್ತೆ. ಅವರ ದನಿ ಸಣ್ಣದಾಗಿತ್ತು. “ಹುಳಾ ನಾವು ನೋಡ್ಕತೀವಿ.”

“ಕರೀದೆ ಹೆಂಗೆ ಹೋಗ್ಲಿ? ಕರೀಲಿ.”

ಕರೆಯದೆ ಸಾವಿನ ಹಾಸಿಗೆಗೆ ಉಪದೇಶಿ ಹೋಗುವ ವಾಡಿಕೆ ಇರಲಿಲ್ಲ. ಅವರು ಗೇಟಿನ ಕಡೆ ನೋಡುತ್ತಾ ಕೂತರು. ಜಸಿಂತಾ ಕೊಟ್ಟ ಟೀ ಆರಿ ಕೆನೆ ಕಟ್ಟಿತು. ಬೀದಿಯಲ್ಲಿ ಜನ ಆ ತುದಿಗೆ ಹೋಗುತ್ತಿದ್ದರು, ಬರುತ್ತಿದ್ದರು. ಇವರ ಗೇಟಿನ ಮುಂದೆ ಯಾರ ಕಾಲೂ ನಿಧಾನವಾಗಲಿಲ್ಲ.

ಸಂಜೆಗೆ ಪುಟ್ಟಿ ಆಟ ಮುಗಿಸಿ ಓಡಿ ಬಂದಳು.

“ತಾತ, ಲೂರ್ದಜ್ಜಿ ತಾವ ಬಿಬಿಯಾನಾ ಆಂಟಿ ಪ್ರಾರ್ಥನೆ ಹೇಳ್ತಾವ್ರೆ. ಮಧ್ಯೆ ಮರ್ತೋದ್ರು. ಎಲ್ರೂ ಸೇರಿ ಹೇಳ್ಕೊಟ್ರು.”

ಸ್ವಲ್ಪ ಹೊತ್ತಿಗೆ ಗಂಟೆಗೆ ಒಂದೊಂದೇ ಏಟು ಬಿತ್ತು. ಮಾವ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿ ಎದ್ದರು. ಜುಬ್ಬ ಬಿಚ್ಚಿ ಗೂಟಕ್ಕೆ ಸಿಕ್ಕಿಸಿದರು. ಪುಸ್ತಕವನ್ನು ಸೊಸೆಯ ಕೈಗೆ ಕೊಟ್ಟರು. ಆಮೇಲೆ ಕೈಕಾಲು ತೊಳೆದುಕೊಂಡು ಹಿತ್ತಿಲಿಗೆ ನಡೆದರು.

ಸೊಪ್ಪಿನ ಹೊತ್ತು ಮೀರಿತ್ತು. ಜಸಿಂತಾ ಪುಸ್ತಕ ಹಿಡಿದುಕೊಂಡೇ ನಿಂತಿದ್ದಳು. ಹುಳುವಿನ ಮನೆಯಿಂದ ಸೊಪ್ಪಿನ ಕಡ್ಡಿ ಹರಡುವ ಸದ್ದು ಕೇಳಿತು. ಗುನುಗು ಕೇಳಲಿಲ್ಲ.